ತೀರಿಕೊಂಡ ಯೋಧರನ್ನು ನೆನೆಯುವ ಬಗ್ಗೆ ನಮ್ಮೂರವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಕಲಿಸಿದೆ. ಪ್ರತಿ ವರ್ಷ ಜುಲೈ 26ಕ್ಕೆ ಮಕ್ಕಳನ್ನು ಅಜ್ಜರಕಾಡಿನ ಯುದ್ಧ ಸ್ಮಾರಕಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಮಕ್ಕಳು ಏನಾದರೂ ಕೇಳುತ್ತಿದ್ದರು. ಆಮೇಲೆ ಅವರ ಅಪ್ಪ ಅಮ್ಮಂದಿರೂ ಕೇಳತೊಡಗಿದರು. ನಿವೃತ್ತನಾದ ಮೇಲೂ ಬಸ್ಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ, ಪತ್ರದಲ್ಲಿ ಅವೇ ಪ್ರಶ್ನೆಗಳು ಬರುತ್ತಿವೆ. ಹೆಚ್ಚು ಸಲ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಅಮ್ಮನ ಅಣ್ಣ 1971ರ ಯುದ್ಧದಲ್ಲಿ ತೀರಿಕೊಂಡರು. ಆಗ ಅವರಿಗೆ ಮದುವೆಯೂ ಆಗಿರಲಿಲ್ಲ. ನಾನು ಹೇಳುವುದರಲ್ಲಿ ಅವರ ನೆನಪು ಸೇರಿಕೊಂಡೇ ಇರುತ್ತದೆ.

ಮೊದಲು ಕೇಳುವವು

ಸಾರ್, ನಮ್ಮ ಕಡೆ ಯೋಧರ ಸ್ಮಾರಕ ಎಲ್ಲೆಲ್ಲಿ ಉಂಟು?

ಮಂಗಳೂರಿನಲ್ಲಿ ಕದ್ರಿ ಗುಡ್ಡೆಯ ಮೇಲೆ, ಸರ್ಕ್ಯೂಟ್ ಹೌಸ್ ಹತ್ತಿರ. ಉಡುಪಿಯಲ್ಲಿ ಅಜ್ಜರಕಾಡಿನಲ್ಲಿ. ಬೆಳಿಗ್ಗೆ ವಾಕಿಂಗ್ ಹೋಗುವವರು ದಿನಾ ಪಕ್ಕದಲ್ಲೇ ದಾಟಿ ಹೋಗುತ್ತಾರೆ. ಬೆಂಗಳೂರಿಗೆ ಹೋದರೆ ರಾಜಭವನ ರಸ್ತೆಯ ಕಡೆ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆ. ಅಲ್ಲಿ ನಿಲ್ಲಿಸಿದ ದೊಡ್ಡ ಕಲ್ಲಿಗೆ ವೀರಗಲ್ಲು ಅಂತಲೇ ಹೆಸರು.

ಯಾವ ದಿನ ಹೋಗಬೇಕು? ಕಾರ್ಗಿಲ್ ದಿನ ಒಂದೇನಾ?

ಯಾವ ದಿನವೂ ಹೋಗಬಹುದು. ಜುಲೈ 26 ಕಾರ್ಗಿಲ್ ವಿಜಯ ದಿವಸ. ಡಿಸೆಂಬರ್ 16 ಬಾಂಗ್ಲಾ ಯುದ್ಧ ಮುಗಿದ ದಿನ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದುಕೊಂಡು ಬಂದಿದೆ. ಶಾಲೆಯಲ್ಲಿ ಅಂಗಿಗೆ ಚುಚ್ಚಿಕೊಳ್ಳುತ್ತಿದ್ದ ಆ ಸಣ್ಣ ಬಾವುಟ ನೆನಪಿದೆಯಲ್ವಾ? ಅದರ ದುಡ್ಡು ಯೋಧರ ಮನೆಯವರಿಗೆ ಮತ್ತು ಗಾಯಗೊಂಡವರಿಗೆ ಹೋಗುತ್ತದೆ.

ಕಾರ್ಗಿಲ್ ದಿನ ನಮಗೆ ಆಟಿ ತಿಂಗಳಲ್ಲಿ ಬರುತ್ತದೆ. ಆಟಿಯಲ್ಲಿ ತುಳುವರ ಮನೆಗಳಲ್ಲಿ ತೀರಿಕೊಂಡವರಿಗೆ ಅಗೆಲು ಬಳಸುತ್ತಾರೆ. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಂದು ಉಣ್ಣಿ ಅಂತ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಮಾವನಿಗೂ ಒಂದು ಎಲೆ ಇತ್ತು. ಅವರಿಗೆ ಕೋರಿರೊಟ್ಟಿ ಇಷ್ಟ. ಜುಲೈ 26ರ ಬೆಳಿಗ್ಗೆ ಕೊಡೆ ಹಿಡಿದು ಸ್ಮಾರಕದ ಮುಂದೆ ನಿಂತಾಗ ನನ್ನ ಕಣ್ಣ ಮುಂದೆ ಬರುವುದು ಆ ಎಲೆ.

"ಹುತಾತ್ಮ" ಅನ್ನಬಾರದಂತೆ, ಹೌದಾ?

ಸರ್ಕಾರದ ಕಾಗದದಲ್ಲಿ ಆ ಪದ ಇಲ್ಲ. ಶಹೀದ್ ಅಥವಾ ಹುತಾತ್ಮ ಎಂಬ ಪದವನ್ನು ಸೇನೆ ಅಧಿಕೃತವಾಗಿ ಬಳಸುವುದಿಲ್ಲ ಎಂದು ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. 2022ರಲ್ಲಿ ಸೇನೆಯೂ ತನ್ನ ಘಟಕಗಳಿಗೆ ಇದನ್ನು ನೆನಪಿಸಿತು. ಧರ್ಮಕ್ಕಾಗಿ ಪ್ರಾಣ ಬಿಟ್ಟವರಿಗೆ ಹೇಳುವ ಪದ ಅದು, ಸೈನಿಕ ಸತ್ತದ್ದು ಕರ್ತವ್ಯದಲ್ಲಿ ಎಂಬುದು ಅದರ ಹಿಂದಿನ ವಿಚಾರ. ಆದರೆ ನಮ್ಮ ಊರಿನ ಬ್ಯಾನರಿನಲ್ಲಿ, ಮಾತಿನಲ್ಲಿ ಆ ಪದ ಗೌರವದಿಂದಲೇ ಬರುತ್ತದೆ. ಹಾಗೆ ಅಂದವರನ್ನು ನಾನು ತಿದ್ದಲು ಹೋಗುವುದಿಲ್ಲ. ನಾನು ಮಾತ್ರ "ತೀರಿಕೊಂಡರು" ಅನ್ನುತ್ತೇನೆ. ಮನೆಯವರ ಬಾಯಲ್ಲಿ ಬರುವುದು ಅದೇ ತಾನೇ.

ಇಂಡಿಯಾ ಗೇಟ್‌ನಲ್ಲಿ ಇರುವುದು ಸ್ವಾತಂತ್ರ್ಯ ಹೋರಾಟಗಾರರ ಹೆಸರಲ್ವಾ? ಅಲ್ಲಿನ ಜ್ಯೋತಿ ಯಾಕೆ ತೆಗೆದರು?

ಅಲ್ಲ. ಅಲ್ಲಿ ಕೆತ್ತಿದ 13,000ಕ್ಕೂ ಹೆಚ್ಚು ಹೆಸರುಗಳು ಬ್ರಿಟಿಷರ ಸೈನ್ಯದಲ್ಲಿ ಇದ್ದವರದ್ದು. ಮೊದಲ ಮಹಾಯುದ್ಧ ಮತ್ತು 1919ರ ಅಫ್ಘಾನ್ ಯುದ್ಧದಲ್ಲಿ ಸತ್ತವರು. ಬ್ರಿಟಿಷ್ ವಾಸ್ತುಶಿಲ್ಪಿ ಲುಟ್ಯೆನ್ಸ್ ಅದರ ನಕ್ಷೆ ಮಾಡಿದರು. 1931ರಲ್ಲಿ ಉದ್ಘಾಟನೆ ಆಯಿತು.

ಅಮರ್ ಜವಾನ್ ಜ್ಯೋತಿ ಬಂದದ್ದು ಬೇರೆ ಕಾಲದಲ್ಲಿ. 1971ರ ಯುದ್ಧ ಮುಗಿದ ಮೇಲೆ, 1972ರ ಜನವರಿ 26ರಂದು ಇಂದಿರಾ ಗಾಂಧಿ ಅದನ್ನು ದೇಶಕ್ಕೆ ಅರ್ಪಿಸಿದರು. ಒಂದು ಬಂದೂಕು, ಅದರ ಮೇಲೆ ಒಂದು ಹೆಲ್ಮೆಟ್, ಪಕ್ಕದಲ್ಲಿ ಬೆಂಕಿ. ಐವತ್ತು ವರ್ಷ ಅದೇ ನಮ್ಮ ರಾಷ್ಟ್ರೀಯ ಸ್ಮಾರಕದ ಹಾಗೆ ಇತ್ತು. ಸ್ವಾತಂತ್ರ್ಯದ ನಂತರ ಸತ್ತವರಿಗೆ ಹೆಸರು ಕೆತ್ತಿದ ರಾಷ್ಟ್ರೀಯ ಯುದ್ಧ ಸ್ಮಾರಕ ಆದದ್ದು 2019ರ ಫೆಬ್ರವರಿ 25ರಂದು. 2022ರ ಜನವರಿಯಲ್ಲಿ ಹಳೆಯ ಜ್ಯೋತಿಯನ್ನು ಅಲ್ಲಿಯ ಜ್ಯೋತಿಯೊಂದಿಗೆ ಸೇರಿಸಿದರು. ಕೆಲವರಿಗೆ ಅದು ಸರಿ ಕಂಡಿತು. ಕೆಲವರಿಗೆ ತುಂಬ ಬೇಸರವಾಯಿತು. ನನಗೆ ಇಬ್ಬರ ಮನಸ್ಸೂ ಅರ್ಥವಾಗುತ್ತದೆ. 1971ರವರ ಮನೆಯವರಿಗೆ ಆ ಬೆಂಕಿ ಇದ್ದ ಜಾಗವೇ ಗುರುತಾಗಿತ್ತು.

ಹೆಸರು, ಲೆಕ್ಕ, ಕಾಗದ

ನಮ್ಮ ಮನೆಯವರ ಹೆಸರು ದೆಹಲಿಯಲ್ಲಿ ಉಂಟಾ ಅಂತ ಹೇಗೆ ನೋಡುವುದು?

ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಒಂದರೊಳಗೊಂದು ನಾಲ್ಕು ಚಕ್ರಗಳಿವೆ: ಅಮರ ಚಕ್ರ, ವೀರತಾ ಚಕ್ರ, ತ್ಯಾಗ ಚಕ್ರ, ರಕ್ಷಕ ಚಕ್ರ. ಹೆಸರುಗಳು ಇರುವುದು ತ್ಯಾಗ ಚಕ್ರದಲ್ಲಿ, ಗ್ರಾನೈಟ್ ಕಲ್ಲುಗಳ ಮೇಲೆ. ಉದ್ಘಾಟನೆಯ ಹೊತ್ತಿಗೆ 25,942 ಹೆಸರುಗಳಿದ್ದವು. ಅಷ್ಟರಲ್ಲಿ ಕಣ್ಣಲ್ಲಿ ಹುಡುಕುವುದು ಕಷ್ಟ. ಹೆಸರು ಹುಡುಕುವ ಪರದೆಗಳು ಅಲ್ಲೇ ಇವೆ. ಹೋಗುವ ಮೊದಲು ರೆಜಿಮೆಂಟ್, ಸೈನಿಕ ಸಂಖ್ಯೆ, ತೀರಿಕೊಂಡ ವರ್ಷ ಬರೆದುಕೊಳ್ಳಿ. ನಮ್ಮ ಕಡೆ ಒಂದೇ ಹೆಸರಿನವರು ಜಾಸ್ತಿ. ಮನೆಯ ಹೆಸರು ಸೇನೆಯ ದಾಖಲೆಯಲ್ಲಿ ಇಲ್ಲದೆ ಬರೀ ಶೆಟ್ಟಿ, ಪೂಜಾರಿ, ಡಿಸೋಜ ಅಂತ ಇದ್ದರೆ ಸಂಖ್ಯೆಯೇ ದಿಕ್ಕು.

ಜೀಪು ಕಂದಕಕ್ಕೆ ಬಿದ್ದು ಸತ್ತವರು, ಹಿಮದಲ್ಲಿ ಹೂತು ಹೋದವರು ಲೆಕ್ಕಕ್ಕೆ ಬರ್ತಾರಾ?

ಬರುತ್ತಾರೆ. 2024ರ ಡಿಸೆಂಬರ್ 24ರಂದು ಪೂಂಛ್‌ನಲ್ಲಿ ಸೇನಾ ವಾಹನ ಕಂದಕಕ್ಕೆ ಬಿದ್ದು ಐವರು ಯೋಧರು ತೀರಿಕೊಂಡರು. ಅವರಲ್ಲಿ ಮೂವರು ಕರ್ನಾಟಕದವರು, ಒಬ್ಬರು ನಮ್ಮ ಕುಂದಾಪುರ ಕಡೆಯವರು. ಆಮೇಲೆ ಈ ಪ್ರಶ್ನೆ ಕೇಳದವರೇ ಇಲ್ಲ. "ಗುಂಡು ತಾಗಿ ಸತ್ತದ್ದಲ್ಲವಲ್ಲ" ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ಸೇನೆ ಇದನ್ನು ಎರಡು ಬಗೆ ಮಾಡುತ್ತದೆ. ಒಂದು ಬ್ಯಾಟಲ್ ಕ್ಯಾಶುಯಲ್ಟಿ, ಅಂದರೆ ಕಾರ್ಯಾಚರಣೆಯಲ್ಲಿ ಆದ ಸಾವು ನೋವು. ಇನ್ನೊಂದು ಫಿಸಿಕಲ್ ಕ್ಯಾಶುಯಲ್ಟಿ, ಅಂದರೆ ಉಳಿದ ಸಾವು ನೋವು. ಶತ್ರುವಿನ ಗುಂಡಿಗೆ ಸತ್ತವರು ಮಾತ್ರ ಮೊದಲನೆಯದರಲ್ಲಿ ಬರುತ್ತಾರೆ ಅಂತಲ್ಲ. ಗಡಿ ನಿಯಂತ್ರಣ ರೇಖೆಯಲ್ಲಿ ಕೆಲಸ ಮಾಡುವಾಗ ಹಿಮಪಾತ, ಅಲ್ಲಿನ ಹವೆಯಿಂದ ಬರುವ ಕಾಯಿಲೆ, ಕಾರ್ಯಾಚರಣೆಯ ವೇಳೆಯ ಕೆಲವು ಅಪಘಾತ ಕೂಡ ಅದರಲ್ಲಿ ಸೇರುತ್ತವೆ. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನಪಿಸಿಕೊಳ್ಳಿ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದ ಅಡಿಯಲ್ಲಿದ್ದು ಜೀವಂತ ಸಿಕ್ಕಿದರು. ಫೆಬ್ರವರಿ 11ಕ್ಕೆ ತೀರಿಕೊಂಡರು. ಅವರ ಜೊತೆ ಇದ್ದ ಒಂಬತ್ತು ಮಂದಿ ಆ ಹಿಮದಲ್ಲೇ ಹೋಗಿದ್ದರು. ಅಲ್ಲಿ ಒಂದು ಗುಂಡೂ ಹಾರಿರಲಿಲ್ಲ.

ಯಾವ ಸಾವನ್ನು ಎಲ್ಲಿ ಸೇರಿಸುತ್ತಾರೆ ಎಂಬುದು ಯಾಕೆ ಮುಖ್ಯ ಅಂದರೆ, ಪೆನ್ಶನ್ ಅದರ ಮೇಲೆ ನಿಂತಿದೆ. 2001ರ ಜನವರಿ 31ರ ಆದೇಶ ಸಾವುಗಳನ್ನು ಎ ಯಿಂದ ಇ ತನಕ ಐದು ವರ್ಗ ಮಾಡುತ್ತದೆ. ಯುದ್ಧ, ಉಗ್ರರ ದಾಳಿ ಇಂಥದ್ದರಲ್ಲಿ ಸತ್ತರೆ ಮನೆಯವರಿಗೆ ಕೊನೆಯ ಸಂಬಳದಷ್ಟೇ ಪೆನ್ಶನ್. ಸೇವೆಯಿಂದ ಬಂದ ಕಾಯಿಲೆ ಅಥವಾ ಕರ್ತವ್ಯದ ಅಪಘಾತಕ್ಕೆ ಶೇಕಡಾ 60. ಸಹಜ ಸಾವಿಗೆ ಶೇಕಡಾ 30. ಒಂದು ಅಕ್ಷರ ಆಚೀಚೆ ಆದರೆ ಒಂದು ಮನೆಯ ಅಕ್ಕಿ ಆಚೀಚೆ ಆಗುತ್ತದೆ. ಹಾಗಾಗಿ ಮನೆಯವರು ಪೆನ್ಶನ್ ಕಾಗದದಲ್ಲಿ ಯಾವ ವರ್ಗ ಬರೆದಿದೆ ಎಂದು ಮೊದಲು ನೋಡಬೇಕು. ತಪ್ಪು ಅನಿಸಿದರೆ ಸುಮ್ನೆ ಕೂರಬಾರದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ. ಅಲ್ಲೂ ಸರಿಯಾಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ.

ನನ್ನ ಅಜ್ಜಿ ಮಗನ ಪೆನ್ಶನ್‌ಗೆ ವರ್ಷಗಟ್ಟಲೆ ಒಂದು ಕಚೇರಿಗೆ ಅಲೆದರು. ಓದು ಬರಹ ಬಾರದವರು. ಪ್ರತಿ ಸಲ ಒಂದು ಕಾಗದ ಕಡಿಮೆ ಇರುತ್ತಿತ್ತು. ಅವರು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ ಬಸ್ಸಿನ ಚಿಲ್ಲರೆ ನನಗೆ ಇನ್ನೂ ನೆನಪಿದೆ.

ಹಿಂದೆಲ್ಲ ಯಾಕೆ ಊರಿಗೆ ಶವ ಬರ್ತಿರಲಿಲ್ಲ?

1962, 1965, 1971ರಲ್ಲಿ ಸತ್ತವರನ್ನು ಹೆಚ್ಚಾಗಿ ಯುದ್ಧಭೂಮಿಯ ಹತ್ತಿರವೇ ಸುಡುತ್ತಿದ್ದರು, ಇಲ್ಲವೇ ಹೂಳುತ್ತಿದ್ದರು. ಮನೆಗೆ ಬರುವುದು ತಂತಿ, ಆಮೇಲೆ ಒಂದು ಟ್ರಂಕು. ನಮ್ಮ ಮನೆಗೂ ಅಷ್ಟೇ ಬಂತು. ಟ್ರಂಕಿನಲ್ಲಿ ಎರಡು ಅಂಗಿ, ಒಂದು ಕ್ಷೌರದ ಸೆಟ್ಟು, ಅಮ್ಮ ಬರೆದ ಪತ್ರಗಳು.

ಬದಲಾದದ್ದು 1999ರಲ್ಲಿ. ಕಾರ್ಗಿಲ್‌ನಲ್ಲಿ ಸತ್ತ 527 ಮಂದಿಯಲ್ಲಿ ಹೆಚ್ಚಿನವರನ್ನು ವಿಮಾನದಲ್ಲಿ ತಂದು ಅವರವರ ಊರಿಗೆ ಕಳಿಸಿದರು. ಬಾವುಟ ಹೊದಿಸಿದ ಪೆಟ್ಟಿಗೆಯನ್ನು ಮೊದಲ ಸಲ ಹಳ್ಳಿಗಳು ಕಣ್ಣಾರೆ ಕಂಡವು. ಟಿ.ವಿ.ಯಲ್ಲಿ ದೇಶವೇ ಕಂಡಿತು. ಕಾರ್ಗಿಲ್ ನಮಗೆ ಅಷ್ಟು ನೆನಪಿರುವುದಕ್ಕೂ, 1962ರವರು ಅಷ್ಟು ಮಸುಕಾಗಿರುವುದಕ್ಕೂ ಇದು ದೊಡ್ಡ ಕಾರಣ ಎಂದು ನನ್ನ ಅನಿಸಿಕೆ. 2023ರ ನವೆಂಬರ್‌ನಲ್ಲಿ ರಾಜೌರಿಯಲ್ಲಿ ತೀರಿಕೊಂಡ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಓದಿದ್ದು ನಮ್ಮ ಸುರತ್ಕಲ್‌ನಲ್ಲಿ. ಆ ಸುದ್ದಿ ಬಂದ ದಿನ ಅವರನ್ನು ನೋಡದವರೂ ಇಲ್ಲಿ ಅತ್ತರು.

ಶವವೇ ಸಿಗದಿದ್ದರೆ?

ನಮ್ಮಂಥ ಕಡಲ ಕರೆಯವರಿಗೆ ಇದು ಹೊಸ ಸಂಕಟವಲ್ಲ. ದೋಣಿ ಹೋಗಿ ಬಾರದವರ ಮನೆ ಪ್ರತಿ ಊರಿನಲ್ಲೂ ಇದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ನಮ್ಮ ನೌಕಾಪಡೆಯ ಹಡಗು ಐಎನ್ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಅದರೊಂದಿಗೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ದಿಯುವಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಅವರ ಸ್ಮಾರಕವಿದೆ.

ಹುಡುಕಾಟ ಕೆಲವೊಮ್ಮೆ ತುಂಬ ತಡವಾಗಿ ಮುಗಿಯುತ್ತದೆ. 1968ರ ಫೆಬ್ರವರಿ 7ರಂದು 102 ಮಂದಿ ಇದ್ದ ವಾಯುಪಡೆಯ ವಿಮಾನ ಹಿಮಾಚಲದ ರೋಹ್ತಾಂಗ್ ಹತ್ತಿರ ಕಾಣೆಯಾಯಿತು. 2024ರಲ್ಲಿ ನಾಲ್ವರ ಅವಶೇಷ ಹಿಮದಲ್ಲಿ ಸಿಕ್ಕಿತು. ಐವತ್ತಾರು ವರ್ಷ! ಕಾಯುತ್ತಿದ್ದ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. 2016ರ ಜುಲೈ 22ರಂದು ಬಂಗಾಳ ಕೊಲ್ಲಿಯ ಮೇಲೆ 29 ಮಂದಿಯೊಂದಿಗೆ ಕಾಣೆಯಾದ ಎಎನ್-32 ವಿಮಾನದ ಚೂರುಗಳನ್ನು ಸುಮಾರು 3,400 ಮೀಟರ್ ಆಳದಲ್ಲಿ ಗುರುತಿಸಿದ ಸುದ್ದಿ 2024ರ ಜನವರಿಯಲ್ಲಿ ಬಂತು. 1971ರ ನಂತರ ಪಾಕಿಸ್ತಾನದಲ್ಲಿ ಉಳಿದಿದ್ದಾರೆ ಎಂದು ನಂಬಲಾದ 54 ಮಂದಿಯ ಮನೆಯವರಿಗೆ ಇನ್ನೂ ಉತ್ತರ ಇಲ್ಲ.

ಹಳೆಯ ಕಲ್ಲುಗಳು

ಸ್ಮಾರಕ ಕಟ್ಟುವುದು ಬ್ರಿಟಿಷರಿಂದ ಕಲಿತದ್ದಲ್ವಾ?

ಈ ಪ್ರಶ್ನೆ ಬಂದರೆ ನನಗೆ ಖುಷಿ. ಯಾಕೆಂದರೆ ಉತ್ತರ ನಮ್ಮ ಕಾಲಡಿಯಲ್ಲೇ ಇದೆ. ಉದ್ಯಾವರ ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿತ್ತು. 8ನೇ ಶತಮಾನದ ಹೊತ್ತಿಗೆ ಆಳುಪರ ಮನೆತನದೊಳಗೇ ಪಟ್ಟಕ್ಕಾಗಿ ಜಗಳ ಬಿತ್ತು. ಆ ಕಾದಾಟದಲ್ಲಿ ಸತ್ತವರಿಗೆ ಅಲ್ಲಿ ಕಲ್ಲು ನಿಲ್ಲಿಸಿದ್ದಾರೆ. ಅದರಲ್ಲಿ ಅವರ ಹೆಸರು, ಯಾರ ಪರವಾಗಿ ಕಾದಿದರು ಎಂಬುದೆಲ್ಲ ಇದೆ. ಉಡುಪಿಯಿಂದ ಬಸ್ಸು ಹತ್ತಿದರೆ ಕೂತು ಸುಧಾರಿಸುವುದರೊಳಗೆ ಸಿಗುವ ಊರು ಅದು.

ಕರ್ನಾಟಕದಲ್ಲಿ ವೀರಗಲ್ಲು ಇಲ್ಲದ ಸೀಮೆ ಇಲ್ಲ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾದಾಟ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು. ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು. ತುದಿಯಲ್ಲಿ ಸೂರ್ಯ ಚಂದ್ರ. ರಾಜನಿಗಾಗಿ ಸತ್ತವರಿಗೆ ಮಾತ್ರ ಅಲ್ಲ, ದನ ಕದ್ದೊಯ್ಯುವವರನ್ನು ತಡೆಯಲು ಹೋಗಿ ಸತ್ತ ಸಾಮಾನ್ಯ ಹಳ್ಳಿಯವನಿಗೂ ಕಲ್ಲು ಸಿಕ್ಕಿದೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಕಲ್ಲಿನ ಜೊತೆ ಕೊಟ್ಟ ನೆಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ಕಾದಿದ ವೀರನಿಗೆ ಊರು ಕೊಟ್ಟದ್ದಿದೆ. ಅದಕ್ಕೆ ಬಾಳ್ಗಳ್ಚು ಅನ್ನುತ್ತಾರೆ, ಅಂದರೆ ಕತ್ತಿ ತೊಳೆದ ಕೊಡುಗೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಅಂತ ಹೆಸರು. ಕಲ್ಲು ಮತ್ತು ಗದ್ದೆ ಜೊತೆಯಾಗಿಯೇ ಬರುತ್ತಿದ್ದವು. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಕಲ್ಲನ್ನು ನೋಡಿ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕಲ್ಲು ಅದು. ಅದಕ್ಕೂ ಭೂಮಿ ಬಿಟ್ಟರು. ಪೂಜೆ ಮಾಡುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದು ಬರೆಸಿದರು. ನೆನೆಯುವ ಕೆಲಸ ಒಬ್ಬನ ತಲೆಗೆ ಕಟ್ಟಿದ್ದರು ನೋಡಿ. ಊಟದ ಮೊದಲು, ದಿನಾ.

ನಮ್ಮ ಗರಡಿಗಳೂ, ಅಂದರೆ ಕೋಟಿ ಚೆನ್ನಯರ ಗುಡಿಗಳೂ, ಹಾಗೆಯೇ. ಕೋಟಿ ಚೆನ್ನಯರು ಕಾದಾಟದಲ್ಲಿ ಸತ್ತ ಅಣ್ಣ ತಮ್ಮ. ಅವರ ಪಾಡ್ದನವನ್ನು, ಅಂದರೆ ತುಳು ಹಾಡುಗತೆಯನ್ನು, ಇವತ್ತಿಗೂ ಹೇಳುತ್ತಾರೆ, ವರ್ಷಕ್ಕೊಮ್ಮೆ ದೈವದ ನೇಮ ಕಟ್ಟುತ್ತಾರೆ. ಯಾರಿಗೆ ಯಾವ ಕೆಲಸ ಎಂದು ಮನೆತನಗಳಿಗೆ ಹಂಚಿ ಹೋಗಿದೆ. ಹಾಗಾಗಿ ಅದು ನಿಂತಿಲ್ಲ.

ಮಂಗಳೂರಿನ ಬಾವುಟಗುಡ್ಡೆಯಲ್ಲಿ ಹೊಸ ಪ್ರತಿಮೆ ಉಂಟಲ್ಲ, ಅದು ಯಾರದ್ದು?

ಕೆದಂಬಾಡಿ ರಾಮಯ್ಯ ಗೌಡರದ್ದು. 1837ರಲ್ಲಿ ಅವರಂಥ ಮುಖಂಡರ ಹಿಂದೆ ಸುಳ್ಯದ ಕಡೆಯಿಂದ ರೈತರು ಕಂಪನಿ ಸರ್ಕಾರದ ಮೇಲೆ ಎದ್ದು ಬಂದು ಮಂಗಳೂರನ್ನು ಹಿಡಿದರು. ಈ ಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿ ಹದಿಮೂರು ದಿನ ಆಳಿದರು. ಆಮೇಲೆ ಸೋತರು, ಮುಖಂಡರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಈ ಹೋರಾಟ ತುಂಬ ಕಾಲ ಮುಖಂಡನೊಬ್ಬನ ಹೆಸರಿನಲ್ಲಿ "ಕಲ್ಯಾಣಪ್ಪನ ಕಾಟಕಾಯಿ" ಎಂದೇ ಜನರ ಬಾಯಲ್ಲಿತ್ತು. ಕಾಟಕಾಯಿ ಅಂದರೆ ಲೂಟಿ. ಗೆದ್ದವರು ಇಟ್ಟ ಹೆಸರನ್ನೇ ನಾವೂ ಹೇಳಿಕೊಂಡು ಬಂದೆವು. ಪ್ರತಿಮೆ ಬಂದದ್ದು 2022ರ ನವೆಂಬರ್‌ನಲ್ಲಿ, 185 ವರ್ಷ ಕಳೆದ ಮೇಲೆ.

ಕಷ್ಟದ ಪ್ರಶ್ನೆಗಳು

ಬ್ರಿಟಿಷರಿಗಾಗಿ ಸತ್ತವರನ್ನು ನಾವು ಯಾಕೆ ನೆನೆಯಬೇಕು?

ಮೊದಲ ಮಹಾಯುದ್ಧಕ್ಕೆ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಮಂದಿ ಹೋದರು. 74,000ಕ್ಕೂ ಹೆಚ್ಚು ಮಂದಿ ಬರಲಿಲ್ಲ. ಹೋದದ್ದು ಹೊಟ್ಟೆಪಾಡಿಗೆ, ಊರಿನ ಒತ್ತಾಯಕ್ಕೆ, ಕೆಲವರು ಮರ್ಯಾದೆಗೆ. ಅವರಿಗೆ ಸ್ವತಂತ್ರ ದೇಶದ ಸೈನ್ಯ ಎಂಬ ಆಯ್ಕೆಯೇ ಇರಲಿಲ್ಲ. ಅವರನ್ನು ಬ್ರಿಟಿಷರೂ ತಮ್ಮವರು ಅನ್ನಲಿಲ್ಲ, ನಾವೂ ಅನ್ನಲಿಲ್ಲ.

ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ 1917ರಲ್ಲಿ ಹುಟ್ಟಿದಾಗ ಮೇಲು ಕೀಳು ಇಲ್ಲದೆ ಎಲ್ಲರಿಗೂ ಒಂದೇ ಗೌರವ ಎಂದು ಹೇಳಿತ್ತು. 2021ರಲ್ಲಿ ಅದೇ ಆಯೋಗ ತನ್ನ ತಪ್ಪು ಒಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯ 45,000ದಿಂದ 54,000 ಮಂದಿಗೆ ಸಮಾನ ಗೌರವ ಸಿಕ್ಕಿರಲಿಲ್ಲ. ಅಲ್ಲದೆ ಕಡಿಮೆ ಎಂದರೂ 1,16,000 ಮಂದಿಯ ಹೆಸರು ಎಲ್ಲೂ ಕೆತ್ತಿರಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತದ ಸಾಮಾನ್ಯ ಸಿಪಾಯಿಗಳಿಗೆ ಹೆಸರಿಲ್ಲ, ಪಲ್ಟನ್ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆ ಮಾತ್ರ. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಯುರೋಪಿನವರ ಕಣ್ಣಿಗೆ ಬೀಳುವ ಕಡೆ ಹೆಸರು, ಬೀಳದ ಕಡೆ ಲೆಕ್ಕ. ಇದನ್ನು ಓದಿದ ಮೇಲೆ ನಾವಾದರೂ ನೆನೆಯಬೇಕು ಅಂತ ನನಗೆ ಅನಿಸುತ್ತದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಏರಿ ಹೋದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆಯವರಾದ ಮೈಸೂರು ಲ್ಯಾನ್ಸರ್‌ಗಳೂ ಇದ್ದರು.

ನಮ್ಮ ದೇಶವೇ ಮರೆತುಬಿಟ್ಟವರು ಇದ್ದಾರಾ?

ಇದ್ದಾರೆ. 1962ರ ನವೆಂಬರ್ 18ರಂದು ಚೀನಾ ಯುದ್ಧದಲ್ಲಿ, ಲಡಾಖಿನ ರೆಜಾಂಗ್ ಲಾದಲ್ಲಿ 120 ಮಂದಿಯ ತುಕಡಿಯಲ್ಲಿ 114 ಮಂದಿ ಸತ್ತರು. ಬದುಕಿ ಬಂದವರ ಮಾತನ್ನು ಮೊದಲು ನಂಬಲಿಲ್ಲ. ಹಿಮ ಕರಗುವ ಹೊತ್ತಿಗೆ ಕುರಿ ಕಾಯುವವನೊಬ್ಬನಿಗೆ ಬಂದೂಕು ಹಿಡಿದ ಸ್ಥಿತಿಯಲ್ಲೇ ಹೆಪ್ಪುಗಟ್ಟಿದ ದೇಹಗಳು ಕಂಡವು. ಆಮೇಲೆ ನಂಬಿದರು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋಗಿ ಬರಲಿಲ್ಲ. ತಮ್ಮ ಹಳೆಯ ವಿಮಾನದಲ್ಲೇ ಅವರು ಶತ್ರುವಿನ ಸ್ಟಾರ್‌ಫೈಟರ್ ಯುದ್ಧವಿಮಾನ ಹೊಡೆದುರುಳಿಸಿದ್ದು ನಮಗೆ ಗೊತ್ತಾದದ್ದು ಹೊರಗಿನವರು ಬರೆದ ಮೇಲೆ. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ. ಈಗ ಮಡಿಕೇರಿಯ ಬಸ್ ನಿಲ್ದಾಣದ ಹತ್ತಿರ ಅವರ ಪ್ರತಿಮೆ ಇದೆ.

ಶ್ರೀಲಂಕಾಕ್ಕೆ 1987ರಿಂದ 1990ರ ತನಕ ಹೋದ ಶಾಂತಿಪಾಲನಾ ಪಡೆಯ ಕಥೆ ಇನ್ನೂ ನೋವಿನದು. ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಆ ಯುದ್ಧ ಯಾಕೆ ಬೇಕಿತ್ತು ಎಂಬ ಬಗ್ಗೆ ದೇಶಕ್ಕೆ ಮುಜುಗರ. ಆ ಮುಜುಗರ ಸತ್ತವರ ಮೇಲೂ ಬಿತ್ತು. ಕೊಲಂಬೊ ಪಕ್ಕದಲ್ಲಿ ಶ್ರೀಲಂಕಾ ಅವರಿಗೆ ಸ್ಮಾರಕ ಕಟ್ಟಿತು. ದೆಹಲಿಯ ಗೋಡೆಯಲ್ಲಿ ಅವರ ಹೆಸರು ಬಂದದ್ದು 2019ರಲ್ಲಿ. ಗೆಲುವಿಗೆ ದಿನಾಚರಣೆ ಸಿಗುತ್ತದೆ, ಗೊಂದಲದ ಯುದ್ಧಕ್ಕೆ ಸಿಗುವುದಿಲ್ಲ. ಆದರೆ ಸಿಪಾಯಿ ಯುದ್ಧವನ್ನು ಆರಿಸಿಕೊಂಡು ಹೋಗುವುದಿಲ್ಲವಲ್ಲ.

ಇದೆಲ್ಲ ಮಾಡಿದರೆ ಯುದ್ಧವನ್ನೇ ಹೊಗಳಿದ ಹಾಗೆ ಆಗುವುದಿಲ್ವಾ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಆಗಬಹುದು. ಧ್ವನಿವರ್ಧಕ ಹಾಕಿ ಕೂಗಿ, ಸತ್ತವರ ಹೆಸರೇ ಹೇಳದೆ ಮುಗಿಸುವ ಕಾರ್ಯಕ್ರಮಗಳನ್ನು ನಾನೂ ನೋಡಿದ್ದೇನೆ. ಮಕ್ಕಳಿಗೆ ನಾನು ಕೊಡುತ್ತಿದ್ದ ಕೆಲಸ ಬೇರೆ. ಒಬ್ಬೊಬ್ಬರು ಒಂದೊಂದು ಹೆಸರು ಓದಬೇಕು. ವಯಸ್ಸು, ಊರು ಗೊತ್ತಿದ್ದರೆ ಅದನ್ನೂ ಓದಬೇಕು. "ಸಾರ್, ಇವರಿಗೆ ನನ್ನ ಅಣ್ಣನ ವಯಸ್ಸು" ಎಂದು ಅವಳೇ ಆ ದಿನ ಹೇಳಿದಳು. ಆಮೇಲೆ ಯಾರೂ ಕೂಗಲಿಲ್ಲ.

ಬೇರೆ ದೇಶದವರು ನಮಗಿಂತ ಚೆನ್ನಾಗಿ ನೆನೆಯುತ್ತಾರಂತೆ?

ಕೆಲವು ಕಡೆ ಹೌದು. ಬೆಲ್ಜಿಯಂನ ಈಪರ್ ಪಟ್ಟಣದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಮೆನಿನ್ ಗೇಟ್ ಇದೆ. ಭಾರತೀಯರ ಹೆಸರೂ ಅದರಲ್ಲಿವೆ. 1928ರಿಂದ ಅಲ್ಲಿ ದಿನಾ ರಾತ್ರಿ ಎಂಟಕ್ಕೆ ಬ್ಯೂಗಲ್ ಊದುತ್ತಾರೆ. ಜರ್ಮನ್ನರು ಊರು ಹಿಡಿದಿದ್ದ ವರ್ಷಗಳಲ್ಲಿ ಮಾತ್ರ ನಿಂತಿತ್ತು. ಊದುವವರು ಅದೇ ಊರಿನವರು. ನಮ್ಮ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲೂ ಈಗ ಸಂಜೆ ಒಬ್ಬ ಯೋಧನ ಮನೆಯವರನ್ನು ಕರೆದು ಹೂವು ಇಡಿಸುತ್ತಾರೆ. ಇದು ನನಗೆ ತುಂಬ ಹಿಡಿಸಿದ ಪದ್ಧತಿ.

ಯೋಧರ ಮನೆಗೆ ಹೋದರೆ ಏನು ಮಾತಾಡಬೇಕು ಅಂತಲೇ ಗೊತ್ತಾಗುವುದಿಲ್ಲ.

ಮೊದಲ ಹದಿನೈದು ದಿನ ಎಲ್ಲರೂ ಹೋಗುತ್ತಾರೆ. ನೀವು ಎರಡನೇ ವರ್ಷ ಹೋಗಿ. ಸಾವಿನ ವಿವರ ಕೇಳಬೇಡಿ. ಸಣ್ಣವನಿದ್ದಾಗ ಹೇಗಿದ್ದ, ಯಾವ ಶಾಲೆ, ಏನು ಇಷ್ಟ ಎಂದು ಕೇಳಿ. ಹೆಸರು ಹಿಡಿದು ಕೇಳಿ. "ನಿಮ್ಮ ಮಗ" ಅನ್ನುವುದಕ್ಕಿಂತ ಹೆಸರು ಕೇಳಿದಾಗ ತಾಯಂದಿರ ಮುಖ ಬೇರೆಯಾಗುತ್ತದೆ. ಪೆನ್ಶನ್ ಕಾಗದ, ಗ್ಯಾಸಿನ ಕಾಗದ ಏನಾದರೂ ಬಾಕಿ ಇದ್ದರೆ ತುಂಬಿ ಕೊಟ್ಟು ಬನ್ನಿ.

ಸಾರ್, ನಿಮ್ಮ ಮಾವನ ಹೆಸರು ಗೋಡೆಯಲ್ಲಿ ಸಿಕ್ಕಿತಾ?

ಸಿಕ್ಕಿತು. ಮಗಳ ಜೊತೆ ದೆಹಲಿಗೆ ಹೋದಾಗ. ಪರದೆಯಲ್ಲಿ ಸಂಖ್ಯೆ ಒತ್ತಿದೆ, ಗೋಡೆ ತೋರಿಸಿತು. ಕಲ್ಲು ಮುಟ್ಟಿದಾಗ ಬಿಸಿಯಿತ್ತು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಯಾವ ಸಾಲು ಎಂದು ಬೆರಳಿಟ್ಟು ತೋರಿಸಿ ಇನ್ನೊಂದು ಫೋಟೋ ತೆಗೆಯಲು ಹೇಳಿದರು. ಆಮೇಲೆ ಪಕ್ಕದ ಹೆಸರು ಯಾರದ್ದು ಎಂದು ಕೇಳಿದರು. ಓದಿ ಹೇಳಿದೆ. ಆ ವರ್ಷದ ಆಟಿಯಲ್ಲಿ ಅಮ್ಮ ಒಂದು ಎಲೆ ಜಾಸ್ತಿ ಹಾಕಿದರು.